ಮಂಡಿನೋವಿನ ನಾಮಕರಣ

ನನ್ನ ಬಲಗಾಲಿನ ಮಂಡಿ ಮಾತಾಡಲು ಶುರುಮಾಡಿ ಒಂದೂವರೆ ವರ್ಷವಾಯಿತು. ಕಟ್, ಕಟಕ್, ಕರ್‌ರ್. ಮೆಟ್ಟಿಲು ಹತ್ತುವಾಗ ಒಂದು ರಾಗ, ಇಳಿಯುವಾಗ ಇನ್ನೊಂದು. ನಾನು ಗಣಿತ ಹೇಳಿಕೊಡುವ ಒಂಬತ್ತನೇ ಕ್ಲಾಸು ಎರಡನೇ ಮಹಡಿಯಲ್ಲಿದೆ. ಮೊದಲೆಲ್ಲ ಬಾಗಿಲಲ್ಲಿ ನಿಂತು "ಸೈಲೆನ್ಸ್" ಅಂತ ಕೂಗಬೇಕಿತ್ತು. ಈಗ ನಾನಿನ್ನೂ ಮೊದಲನೇ ಮಹಡಿಯಲ್ಲಿರುವಾಗಲೇ ಮಕ್ಕಳು ಪುಸ್ತಕ ತೆಗೆದು ಸಾಧುಗಳಂತೆ ಕೂತಿರುತ್ತಾರೆ. ಬೆಲ್ಲು ಹೊಡೆಯುವ ಕೆಲಸ ಮಂಡಿ ವಹಿಸಿಕೊಂಡಿದೆ.

ಇದೆಲ್ಲ ಶುರುವಾಗಿದ್ದು ಒಂದು ಆಷಾಢ ಶುಕ್ರವಾರ. ಮಗನಿಗೆ ಒಳ್ಳೇ ಕಾಲೇಜಲ್ಲಿ ಸೀಟು ಸಿಕ್ಕರೆ ಚಾಮುಂಡಿ ಬೆಟ್ಟದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆ ಅಂತ ನನ್ನ ನಾದಿನಿ ಹರಕೆ ಹೊತ್ತಿದ್ದಳು. ಸೀಟು ಸಿಕ್ಕಿತು. ಒಬ್ಬಳೇ ಹೋಗೋದು ಹೇಗೆ, ಜೊತೆಗೆ ನೀವೂ ಬನ್ನಿ ಅತ್ತಿಗೆ ಅಂದಳು. ಹರಕೆ ಅವಳದು, ಮಂಡಿ ನನ್ನದು. ಅವಳು ಕುಂಕುಮ, ನಾನು ಅರಿಶಿನ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಒಂದೊಂದಕ್ಕೂ ಬಗ್ಗು, ಹಚ್ಚು, ಏಳು. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಈ ಮೆಟ್ಟಿಲು ಕಟ್ಟಿಸಿದಾಗ ನನ್ನಂಥವಳೊಬ್ಬಳು ಬರುತ್ತಾಳೆ ಅಂತ ಅವರಿಗೇನು ಗೊತ್ತು, ಪಾಪ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಹತ್ತುವಾಗ ಏನೂ ಆಗಲಿಲ್ಲ. ದರ್ಶನವಾದ ಮೇಲೆ ನಾದಿನಿ ಬಸ್ಸಿಗೆ ಹೋಗೋಣ ಅಂದಳು. ಕ್ಯೂ ನೋಡಿ ನಾನೇ ಅಂದೆ, "ಇಳಿಯೋದು ತಾನೇ, ಸುಮ್ನೆ ಯಾಕೆ ಕಾಯೋದು?" ಈ ಮಾತನ್ನು ಈಗಲೂ ಮನೆಯಲ್ಲಿ ಆಗಾಗ ನನಗೇ ವಾಪಸ್ ಹೇಳುತ್ತಾರೆ. ಮುನ್ನೂರು ಮೆಟ್ಟಿಲು ಇಳಿದು ನಂದಿಯ ಹತ್ತಿರ ಬರುವಷ್ಟರಲ್ಲಿ ಮಂಡಿಚಿಪ್ಪಿನ ಹಿಂದೆ ಯಾರೋ ಚುಚ್ಚಿದ ಹಾಗಾಯಿತು. ಅನ್ನದಲ್ಲಿ ಕಲ್ಲು ಸಿಕ್ಕರೆ ಹೇಗಾಗುತ್ತದೆ, ಹಾಗೆ. ನಂದಿಯ ಎದುರು ಕಟ್ಟೆ ಮೇಲೆ ಕೂತೆ. ಆ ನಂದಿ ಮಂಡಿ ಮಡಚಿ ಕೂತು 350 ವರ್ಷವಾಯಿತು. ಮುಖದಲ್ಲಿ ಒಂದು ಸುಕ್ಕಿಲ್ಲ. ನಾನು ಹತ್ತು ನಿಮಿಷ ಮಡಚಿ ಎದ್ದರೆ "ಅಮ್ಮಾ" ಅಂತ ಬಾಯಿಂದ ಬಂತು. ಪಕ್ಕದಲ್ಲಿದ್ದ ಹೆಂಗಸು ಭಕ್ತಿ ಅಂದುಕೊಂಡು ಕೈಮುಗಿದಳು.

ಮಾರನೇ ದಿನ ಹೋಗುತ್ತೆ ಅಂದುಕೊಂಡೆ. ಮಾರನೇ ವಾರಕ್ಕೂ ಹೋಗಲಿಲ್ಲ.

ನಮ್ಮ ಮನೆಯ ಮೊದಲನೇ ಡಾಕ್ಟರು ನಮ್ಮತ್ತೆ. ವಯಸ್ಸು 76. ಈಗಲೂ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಕೂತು ಎರಡು ಕಿಲೋ ಹುರುಳಿಕಾಯಿ ಹೆಚ್ಚಿ, ನೆಲಕ್ಕೆ ಕೈ ಊರದೆ ಹಾಗೇ ಎದ್ದುಬಿಡುತ್ತಾರೆ. ಅವರು ಏಳುವಾಗ ಸದ್ದೇ ಇರುವುದಿಲ್ಲ. ನಾನು ಸೋಫಾದಿಂದ ಏಳುವಾಗ ಸೋಫಾವೂ ಸೇರಿ ಇಬ್ಬರೂ ನರಳುತ್ತೇವೆ. ಅತ್ತೆ ನನ್ನ ಮಂಡಿ ಮೇಲೆ ಕೈಯಿಟ್ಟು ಒಂದೇ ಮಾತಲ್ಲಿ ಹೇಳಿದರು, "ವಾಯು." ಅಷ್ಟೇ. ಅವತ್ತಿನಿಂದ ಆಲೂಗಡ್ಡೆ, ಬದನೆಕಾಯಿ, ಕಡಲೆಬೇಳೆ ಎಲ್ಲ ನನ್ನ ತಟ್ಟೆಯಿಂದ ಗಡೀಪಾರು. ಅದನ್ನಾದರೂ ಸಹಿಸಿಕೊಂಡೆ. ಡಿಸೆಂಬರ್ ಬಂತು, ಮಾರ್ಕೆಟ್ಟಿಗೆ ಸೊಗಡವರೆ ಬಂತು. ಮೈಸೂರಲ್ಲಿದ್ದುಕೊಂಡು ಅವರೆಕಾಯಿ ಕಾಲದಲ್ಲಿ ಅವರೆಕಾಳು ತಿನ್ನಬೇಡ ಅಂದರೆ, ಅದಕ್ಕಿಂತ ಕಾಲನ್ನೇ ತೆಗೆಸಿಕೊಳ್ಳಬಹುದು. ಮನೆಮಂದಿಗೆಲ್ಲ ಹಿತಕಿದ ಬೇಳೆ ಸಾರು. ಹಿತಕಿದವಳು ನಾನು. ತಿಂದಿದ್ದು ಮೆಂತ್ಯದ ಗೊಜ್ಜು.

ಆಮೇಲೆ ಎಕ್ಕದ ಎಲೆ. ಎಳ್ಳೆಣ್ಣೆ ಸವರಿ, ಹೆಂಚಿನ ಮೇಲೆ ಬಿಸಿ ಮಾಡಿ, ಮಂಡಿಗೆ ಬಟ್ಟೆಯಲ್ಲಿ ಕಟ್ಟುವುದು. ರಾತ್ರಿ ಕಟ್ಟಿದರೆ ಸಾಕಿತ್ತು. "ಬೆಳಗ್ಗೇನೂ ಇರಲಿ, ಸೀರೆಯೊಳಗೆ ಯಾರಿಗೆ ಕಾಣುತ್ತೆ?" ಅಂದರು ಅತ್ತೆ. ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ಫಲಿತಾಂಶದ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದರು. ಏನೋ ಕೇಳಿದರು, ಉತ್ತರ ಹೇಳಲು ಎದ್ದೆ. ಗಂಟು ಸಡಿಲವಾಗಿತ್ತು. ಸೀರೆಯ ಅಂಚಿನಿಂದ ಒಂದು ಎಲೆ ಬಿತ್ತು. ಆಮೇಲೆ ಇನ್ನೊಂದು. ಬಾಡಿದ, ಎಣ್ಣೆ ಹತ್ತಿದ, ಅಂಗೈಯಗಲದ ಎಕ್ಕದ ಎಲೆಗಳು. ಯಾರೂ ಮಾತಾಡಲಿಲ್ಲ. ಟೀ ತಂದಿದ್ದ ಅಟೆಂಡರ್ ಬಗ್ಗಿ, ಎರಡನ್ನೂ ಆಯ್ದು, ಭಕ್ತಿಯಿಂದ ನನ್ನ ಕೈಗೆ ಕೊಟ್ಟು ಕೇಳಿದ, "ಮೇಡಂ, ರಥಸಪ್ತಮಿ ಇನ್ನೂ ದೂರ ಇದೆ ಅಲ್ವಾ?"

ಇನ್ನು ಡಾಕ್ಟರಿಗೇ ತೋರಿಸೋಣ ಅಂತ ಹೋದೆ. ನನ್ನ ಮಂಡಿಗೆ ಒಂದು ಕೆಟ್ಟ ಗುಣವಿದೆ. ಮನೆಯಲ್ಲಿ ಚಂಡಿ, ಡಾಕ್ಟರ ಮುಂದೆ ಮಹಾ ಸಭ್ಯ. ಡಾಕ್ಟರು "ಎಲ್ಲಿ ನೋವು, ಒಂದು ಬೆರಳಲ್ಲಿ ತೋರ್ಸಿ" ಅಂದರು. ನಾನು ಅಂಗೈಯನ್ನು ಇಡೀ ಮಂಡಿಯ ಸುತ್ತ ಆರತಿ ಎತ್ತುವ ಹಾಗೆ ಸುತ್ತಿಸಿದೆ. "ಒಂದು ಬೆರಳಲ್ಲಿ" ಅಂದರು ಮತ್ತೆ. ಒಂದು ಬೆರಳಲ್ಲಿ ಸುತ್ತಿಸಿದೆ. ಅವರು ಮಡಚಿದರು, ಬಿಡಿಸಿದರು, ಒತ್ತಿದರು. ಒಂದು ಕಟಕ್ ಇಲ್ಲ, ಏನಿಲ್ಲ. "ಈಗ ನೋವಿದೆಯಾ?" "ಇಲ್ಲ ಸರ್, ಮನೆಗೆ ಹೋದ ಮೇಲೆ ಬರುತ್ತೆ." ಸ್ಕೂಲಲ್ಲಿ ಹೋಮ್‌ವರ್ಕ್ ಮನೇಲಿದೆ ಮಿಸ್ ಅನ್ನುವ ಹುಡುಗರ ಮುಖಕ್ಕೆ ನಾನು ಎಷ್ಟು ಸಲ ಹಾಗೆ ನೋಡಿದ್ದೆನೋ, ಅವರೂ ನನ್ನನ್ನು ಹಾಗೇ ನೋಡಿದರು.

ರಕ್ತ ಪರೀಕ್ಷೆಗೆ ಬರೆದರು. ಯೂರಿಕ್ ಆ್ಯಸಿಡ್, ಆರ್.ಎ. ಫ್ಯಾಕ್ಟರ್, ಇ.ಎಸ್.ಆರ್. ಎಲ್ಲ ಸರಿಯಿತ್ತು. ವಿಟಮಿನ್ ಡಿ ಮಾತ್ರ ಕಮ್ಮಿ. ವಾರಕ್ಕೊಂದು ಮಾತ್ರೆ, 60,000 ಯೂನಿಟ್. "ಅರವತ್ತು ಸಾವಿರ ಅಂದ್ರೆ ನಿನ್ನ ಸಂಬಳಕ್ಕಿಂತ ಜಾಸ್ತಿ" ಅಂದರು ನಮ್ಮನೆಯವರು. ವಿಟಮಿನ್ ಏರಿತು, ನೋವು ಇಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನೆಂಟರೊಬ್ಬರ ಗೃಹಪ್ರವೇಶ. ಅಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿಗೆ ಎಲ್ಲರೂ ನಮಸ್ಕಾರ ಮಾಡುತ್ತಿದ್ದರು. ಜನರೆದುರು ಅಂತ ನಾನೂ ಮಂಡಿಯೂರಿ ನಮಸ್ಕಾರ ಮಾಡಿದೆ. ಊರಿದ್ದು ಸರಿ, ಏಳಲು ಆಗಲಿಲ್ಲ. ಹಿರಿಯರು ಅಕ್ಷತೆ ಹಾಕಿ "ದೀರ್ಘಸುಮಂಗಲೀ ಭವ" ಅಂದರು. ನಾನು ಏಳಲಿಲ್ಲ. ಇಷ್ಟು ಸಾಲದೇನೋ ಅಂದುಕೊಂಡು "ಅಷ್ಟೈಶ್ವರ್ಯ ಪ್ರಾಪ್ತಿರಸ್ತು" ಅಂದರು. ಆಗಲೂ ಏಳಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ಕೊನೆಯ ಅಸ್ತ್ರ ತೆಗೆದರು: "ಶೀಘ್ರಮೇವ ಸುಪುತ್ರ ಪ್ರಾಪ್ತಿರಸ್ತು." ನನಗೆ 46. ಇರುವ ಒಬ್ಬ ಸುಪುತ್ರ ಇಂಜಿನಿಯರಿಂಗ್ ಓದುತ್ತಾ ಅಲ್ಲೇ ನಿಂತು ವಿಡಿಯೋ ಮಾಡುತ್ತಿದ್ದ. ಭಯ ಬಿದ್ದು ಹೇಗೋ ಎದ್ದೆ. ಅಷ್ಟರ ಮೇಲೆ ಊಟಕ್ಕೆ ನನ್ನನ್ನು ಹಿರಿಯರ ಟೇಬಲ್ಲಿಗೆ ಕೂರಿಸಿದರು. ಬಡಿಸುವವನು ಕೇಳದೆಯೇ ಮೆತ್ತಗಿನ ಅನ್ನ ಹಾಕಿದ.

ಇನ್ನು ಎಕ್ಸ್-ರೇ. ನಿಲ್ಲಿಸಿ ಒಂದು, ಪಕ್ಕದಿಂದ ಒಂದು, ಮಂಡಿ ಮಡಚಿಸಿ ಮೇಲಿನಿಂದ ಒಂದು. ಮೂರನೆಯದಕ್ಕೆ ಸ್ಕೈಲೈನ್ ಅನ್ನುತ್ತಾರೆ. ಹುಡುಗ ಅಭ್ಯಾಸಬಲದಿಂದ "ಉಸಿರು ಹಿಡ್ಕೊಳ್ಳಿ ಮೇಡಂ" ಅಂದ. ಮಂಡಿಗೆ ಉಸಿರು ಯಾಕೆ ಹಿಡಿಯಬೇಕು ಅಂತ ಕೇಳಲು ಬಾಯಿ ತೆರೆದಿದ್ದೆ, ಆದರೂ ಯಾಕೆ ರಿಸ್ಕು ಅಂತ ಹಿಡಿದೆ. ಆ ಸ್ಕೈಲೈನ್ ಫಿಲ್ಮು ನಿಜಕ್ಕೂ ಚೆನ್ನಾಗಿತ್ತು. ತೊಡೆಮೂಳೆಯ ತುದಿ ಎರಡು ಗುಡ್ಡದ ಹಾಗೆ, ನಡುವಿನ ಕಣಿವೆಯ ಮೇಲೆ ಮಂಡಿಚಿಪ್ಪು. ಪ್ರೈಮರಿ ಮಕ್ಕಳು ಬಿಡಿಸುವ ಸೂರ್ಯೋದಯದ ಚಿತ್ರವೇ. ಮನೆಯಲ್ಲಿ ಟ್ಯೂಬ್‌ಲೈಟಿಗೆ ಹಿಡಿದು ಎಲ್ಲರೂ ನೋಡಿದರು. "ಬಿರುಕಿದೆ" ಅಂದರು ಪಕ್ಕದ ಮನೆಯವರು. ಅದು ಫಿಲ್ಮು ಮಡಚಿದ ಗೆರೆ. ರಿಪೋರ್ಟಿನಲ್ಲಿ ಒಂದೇ ಪದ, ನಾರ್ಮಲ್.

ನಿಜ ಹೇಳಲಾ? ಬೇಜಾರಾಯಿತು. ನಾರ್ಮಲ್ ಅಂದರೆ ಸಂತೋಷ ಪಡಬೇಕು, ಗೊತ್ತು. ಆದರೆ ಏಳು ತಿಂಗಳು ಕುಂಟಿದವಳಿಗೆ ಒಂದು ಸಣ್ಣ ಸವೆತವಾದರೂ ಬೇಡವಾ? "ಏನಂತೆ?" ಅಂತ ಕೇಳಿದವರಿಗೆಲ್ಲ "ಏನೂ ಇಲ್ಲವಂತೆ" ಅನ್ನಬೇಕಾಗಿತ್ತು. ಆಗ ಅವರು ಒಂದು ನಗು ನಗುತ್ತಾರೆ. ಆ ನಗು ಮಂಡಿಗಿಂತ ಜಾಸ್ತಿ ನೋಯುತ್ತದೆ. ಸ್ಟಾಫ್ ರೂಮಿನಲ್ಲಿ ಒಬ್ಬರಿಗೆ ಸ್ಪಾಂಡಿಲೈಟಿಸ್, ಇನ್ನೊಬ್ಬರಿಗೆ ಥೈರಾಯ್ಡ್. ಎಲ್ಲರಿಗೂ ಒಂದೊಂದು ಹೆಸರಿದೆ. ನನಗೆ ಮಾತ್ರ ಬರೀ ನೋವು.

ಮಗ ಫೋನಿನಲ್ಲಿ ಹುಡುಕಿ ಎಂಟು ರೋಗ ಕೊಟ್ಟ. ಅದರಲ್ಲಿ ಒಂದು ಕಾಂಡ್ರೋಮಲೇಶಿಯಾ, ಅಂದರೆ ಚಿಪ್ಪಿನ ಹಿಂಭಾಗದ ಮೃದ್ವಸ್ಥಿ ಮೆತ್ತಗಾಗುವುದು. ಹೆಸರು ಕೇಳಿಯೇ ನನಗೆ ಇಷ್ಟವಾಯಿತು. ಒಳಗಿನಿಂದ ಅತ್ತೆ ಕೂಗಿದರು, "ಮಂಡಿನೋವಿಗೆ ಮಲೇಶಿಯಾಗೆ ಯಾಕೆ ಹೋಗ್ಬೇಕು? ಇಲ್ಲೇ ಯಾರಿಗಾದ್ರೂ ತೋರ್ಸು."

ಇಲ್ಲೇ ತೋರಿಸಿದೆ. ಈ ಡಾಕ್ಟರು ಚಿಕ್ಕವರು, ಆಟಗಾರರ ಕೈಕಾಲು ನೋಡುವವರು. ಫೈಲು ಪಕ್ಕಕ್ಕಿಟ್ಟು ಮೊದಲು ಕೇಳಿದ ಪ್ರಶ್ನೆ, "ಥಿಯೇಟರಿಗೆ ಹೋಗಿ ಸಿನಿಮಾ ನೋಡ್ತೀರಾ?" ಎಷ್ಟು ಒಳ್ಳೇ ಮನುಷ್ಯ, ಲೋಕಾಭಿರಾಮ ಮಾತಾಡುತ್ತಿದ್ದಾರೆ ಅಂದುಕೊಂಡೆ. "ಎಲ್ಲಿ ಸರ್, ಈಗಿನ ಸಿನಿಮಾ ಎಲ್ಲ ಬರೀ ಹೊಡೆದಾಟ, ಟಿಕೆಟ್ಟೂ ಜಾಸ್ತಿ, ಪಾಪ್‌ಕಾರ್ನಂತೂ..." ಅಂತ ಶುರುಮಾಡಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ಅದಲ್ಲ ಮೇಡಂ. ಮೂರು ಗಂಟೆ ಮಂಡಿ ಮಡಚಿ ಕೂತರೆ ನೋಯುತ್ತಾ?" ಅಂದರು. ಮಂಡಿಚಿಪ್ಪಿನ ನೋವಿನ ಗುರುತೇ ಅದಂತೆ. ವೈದ್ಯರು ಅದಕ್ಕೆ ಥಿಯೇಟರ್ ಸೈನ್ ಅಂತಲೇ ಹೆಸರಿಟ್ಟಿದ್ದಾರಂತೆ. ನನಗೆ ಥಿಯೇಟರ್ ಇಲ್ಲ, ಬೆಂಗಳೂರು ಬಸ್ಸಿದೆ. ಮದ್ದೂರು ಬರುವಷ್ಟರಲ್ಲಿ ಕಾಲನ್ನು ಸೀಟಿನಿಂದ ಆಚೆ ನಡುದಾರಿಗೆ ಚಾಚಿರುತ್ತೇನೆ. ಇಬ್ಬರು ಕಂಡಕ್ಟರುಗಳು ಎಡವಿದ್ದಾರೆ.

ಆಮೇಲೆ ನನ್ನನ್ನು ಒಂದೇ ಕಾಲಲ್ಲಿ ನಿಲ್ಲಿಸಿ ಸ್ವಲ್ಪ ಕುಕ್ಕರಿಸಿ ಅಂದರು. ಮಂಡಿ ನೇರ ಮುಂದೆ ಬಾಗುವುದು ಬಿಟ್ಟು ನಾಚಿಕೊಂಡ ಮದುಮಗಳ ಹಾಗೆ ಒಳಗೆ ತಿರುಗಿತು. "ನೋಡಿ, ಸೊಂಟದ, ತೊಡೆಯ ಸ್ನಾಯು ವೀಕು" ಅಂದರು. ಮಂಡಿಚಿಪ್ಪು ತೊಡೆಮೂಳೆಯ ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತಿರಬೇಕು. ಅದನ್ನು ಹಿಡಿದು ನಡೆಸುವವರು ಸೋಮಾರಿಗಳಾದರೆ ನಮ್ಮ ಸ್ಟಾಫ್ ರೂಮಿನ ಡ್ರಾಯರಿನ ಹಾಗೆ ಉಜ್ಜಿಕೊಂಡು ಓಡಾಡುತ್ತದೆ. ಮೆಟ್ಟಿಲಿನ ಮೇಲೆ ಆ ಚಿಪ್ಪಿನ ಹಿಂದೆ ದೇಹದ ತೂಕದ ಸುಮಾರು ಮೂರು ಪಟ್ಟು ಒತ್ತಡ ಬೀಳುತ್ತದಂತೆ. ಗಣಿತದ ಮೇಷ್ಟ್ರು ಸುಮ್ಮನಿರಲಾಗುತ್ತಾ? 68 ಇಂಟು 3, 204 ಕಿಲೋ. ಐವತ್ತು ಕಿಲೋ ಅಕ್ಕಿಮೂಟೆ ನಾಲ್ಕು, ಮೇಲೊಂದು ನಾಲ್ಕು ಕಿಲೋ ಬೇಳೆ. ಅದನ್ನು ಹೊತ್ತುಕೊಂಡು ಬೆಟ್ಟದ ಮೆಟ್ಟಿಲು ಇಳಿದಿದ್ದೆ, ಕ್ಯೂ ತಪ್ಪಿಸಲು.

"ಎಂ.ಆರ್.ಐ. ಬೇಡವಾ ಸರ್?" ಅಂದೆ, ಸ್ವಲ್ಪ ಆಸೆಯಿಂದ. ಈಗ ಬೇಡ ಅಂದರು. ಸದ್ದಿನ ಬಗ್ಗೆ ಕೇಳಿದೆ. ನೋವಿಲ್ಲದೆ ಬರೀ ಸದ್ದಾದರೆ ತಲೆ ಕೆಡಿಸಿಕೊಳ್ಳಬೇಡಿ ಅಂದರು. ಕೊನೆಗೆ ಮುಖ್ಯವಾದದ್ದು ಕೇಳಿದೆ, "ಇದಕ್ಕೆ ಹೆಸರೇನು ಸರ್?"

"ಪಟೆಲೋಫೆಮೊರಲ್ ಪೇನ್ ಸಿಂಡ್ರೋಮ್."

ಕಿವಿಗೆ ಹಾಲು ಹೊಯ್ದ ಹಾಗಾಯಿತು. ಒಂಬತ್ತು ತಿಂಗಳು ಹೊತ್ತಿದ್ದಕ್ಕೆ ಕೊನೆಗೂ ನಾಮಕರಣ. ಬಿಲ್ಲಿನ ಹಿಂದೆ ಬರೆದುಕೊಂಡೆ. ಸ್ಪಾಂಡಿಲೈಟಿಸ್‌ಗಿಂತ ಎಷ್ಟು ಉದ್ದ ನೋಡಿ! "ಹಾಗಂದ್ರೆ ಏನು ಸರ್?" ಡಾಕ್ಟರು ಬಿಡಿಸಿ ಹೇಳಿದರು. ಪಟೆಲಾ ಅಂದರೆ ಮಂಡಿಚಿಪ್ಪು. ಫೀಮರ್ ಅಂದರೆ ತೊಡೆಮೂಳೆ. ಪೇನ್ ಅಂದರೆ ನೋವು. ಅಂದರೆ, ಮಂಡಿಚಿಪ್ಪು ತೊಡೆಮೂಳೆ ಸೇರುವ ಕಡೆ ನೋವು.

"ಸರ್, ಇದನ್ನೇ ಅಲ್ವಾ ನಾನು ಬಂದ ತಕ್ಷಣ ನಿಮಗೆ ಹೇಳಿದ್ದು?"

"ಹೌದು" ಅಂದರು. "ನೀವು ಸರಿಯಾಗೇ ಹೇಳಿದ್ರಿ."

ಆದರೂ ಹೆಸರು ಹೆಸರೇ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಗಂಭೀರವಾಗಿ ಹೇಳಿದೆ, "ನನಗೆ ಪಿ.ಎಫ್.ಪಿ. ಪ್ರಾಬ್ಲಮ್ ಇದೆಯಂತೆ." ಇತಿಹಾಸದ ಮೇಷ್ಟ್ರು ಪೇಪರಿನಿಂದ ತಲೆ ಎತ್ತಿದರು. "ಪಿ.ಎಫ್. ಪ್ರಾಬ್ಲಮ್ಮಾ? ನಮ್ಮ ಭಾವನಿಗೂ ಹೀಗೇ ಆಗಿತ್ತು ಮೇಡಂ. ಕೆ.ವೈ.ಸಿ. ಸರಿ ಮಾಡಿಸಿ, ಎಲ್ಲ ಸರಿಹೋಗುತ್ತೆ."

ಮಾತ್ರೆಯಿಲ್ಲ, ಇಂಜೆಕ್ಷನ್ನಿಲ್ಲ, ಬರೀ ವ್ಯಾಯಾಮ. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದು. ಅಂಗಾತ ಮಲಗಿ ಕಾಲು ನೇರವಾಗಿ ಎತ್ತಿ, ಹತ್ತು ಎಣಿಸುವವರೆಗೆ ಹಿಡಿಯುವುದು. ಪಕ್ಕಕ್ಕೆ ಮಲಗಿ ಇನ್ನಷ್ಟು. ಅವರೆಕಾಳಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರಿಂದ ಬರೆಸಿಕೊಂಡೇ ಬಂದೆ. ಅಷ್ಟರಲ್ಲಿ ಏಪ್ರಿಲ್ ಆಗಿತ್ತು, ಮಾರ್ಕೆಟ್ಟಿನಲ್ಲಿ ಒಂದು ಕಾಯಿ ಇರಲಿಲ್ಲ.

ಈಗ ಎಷ್ಟೋ ವಾಸಿ. ಹತ್ತುವಾಗ ನೋವಿಲ್ಲ, ಇಳಿಯುವಾಗ ಒಂದೊಂದು ದಿನ ಇದೆ. ಸಂಜೆ ಏಳೂವರೆಗೆ ಹಾಲ್‌ನಲ್ಲಿ ಚಾಪೆ ಹಾಸಿ ಕಾಲೆತ್ತುತ್ತೇನೆ. ಎಣಿಸುವ ಕೆಲಸ ಅತ್ತೆಯದು, ಯಾಕೆಂದರೆ ನಾನೇ ಎಣಿಸಿದರೆ ಮೂರರಿಂದ ಎಂಟಕ್ಕೆ ಹೋಗುತ್ತೇನೆ. ಆದರೆ ಅದೇ ಹೊತ್ತಿಗೆ ಅವರ ಸೀರಿಯಲ್ಲು. ನಿನ್ನೆಯೂ ಹಾಗೇ ಆಯಿತು. ಟಿವಿಯಲ್ಲಿ ಯಾರೋ ಯಾರಿಗೋ ವಿಷ ಬೆರೆಸುತ್ತಿದ್ದರು. ನನ್ನ ಕಾಲು ಗಾಳಿಯಲ್ಲಿ ನಡುಗುತ್ತಿತ್ತು. ಅತ್ತೆ ಕಣ್ಣು ಕದಲಿಸದೆ ಎಣಿಸುತ್ತಿದ್ದರು. "ಐದು... ಆರು..." ಹಾಲಿನ ಲೋಟ ನಾಯಕಿಯ ತುಟಿಯ ಹತ್ತಿರ ಬಂತು. "ಏಳು."

ನಾನು ಎಂಟಕ್ಕೆ ಕಾದೆ. ತೊಡೆ ಉರಿಯುತ್ತಿತ್ತು.

"ಏಳು" ಅಂದರು ಮತ್ತೆ.

"ಏಳು ಆಯ್ತಲ್ಲ ಅತ್ತೆ, ಎಂಟು ಹೇಳಿ!"

"ಅಯ್ಯೋ, ಏಳು ಅಂದ್ರೆ ಏಳೇ! ಕುಕ್ಕರ್ ಆಗ್ಲೇ ಐದು ಸಲ ಕೂಗ್ತು."