ಮೀನಿಗೂ ಲೆಕ್ಕವಿದೆ

ಊರಿನಿಂದ ಬಂದಿದ್ದ ಅಪ್ಪಯ್ಯನನ್ನು ಸೆಪ್ಟೆಂಬರಿನಲ್ಲಿ ಅಮೆರಿಕದ ಕೊಲಂಬಿಯಾ ನದಿಯ ಬಾನ್‌ವಿಲ್ ಅಣೆಕಟ್ಟೆಗೆ ಕರೆದೊಯ್ದಿದ್ದೆ. ಪೋರ್ಟ್‌ಲ್ಯಾಂಡಿನ ನಮ್ಮ ಮನೆಯಿಂದ ಒಂದು ಗಂಟೆಯೂ ಬೇಡ. ಅಣೆಕಟ್ಟೆ ಎಂದರೆ ಪೊಲೀಸರು, ಬೇಲಿ, ‘ಛಾಯಾಚಿತ್ರ ನಿಷೇಧ’ ಎಂದು ನಂಬಿದವರು ಅವರು. ಮೊಬೈಲನ್ನು ಮೊದಲೇ ಚೀಲದ ತಳಕ್ಕೆ ಸೇರಿಸಿದ್ದರು.

ಒಳಗೆ ನೆಲಮಾಳಿಗೆಯ ಗೋಡೆಯಲ್ಲಿ ಗಾಜಿನ ಕಿಟಕಿಗಳು. ಆಚೆ ಹಸಿರು ನೀರಿನಲ್ಲಿ, ಮೀನುಗಳಿಗೆಂದೇ ಕಟ್ಟಿದ ಮೆಟ್ಟಿಲು ಹತ್ತುತ್ತಿರುವ ಸಾಲ್ಮನ್‌ಗಳು. ಅವನ್ನು ಎಣಿಸಲು ಸಂಬಳದ ಜನರಿದ್ದಾರೆ. 1938ರಿಂದ ಲೆಕ್ಕ ತಪ್ಪಿಲ್ಲ: ಚಿನೂಕ್ ಎಷ್ಟು, ಕೋಹೋ ಎಷ್ಟು, ಸ್ಟೀಲ್‌ಹೆಡ್ ಎಷ್ಟು. ಮೀನಿನದೂ ಜಾತಿವಾರು ಗಣತಿ, ರಂಪವಿಲ್ಲದೆ! ಹಿಂದಿನ ದಿನದ ಅಂಕಿಯ ಮುಂದೆ ಅಪ್ಪಯ್ಯ ಬಹಳ ಹೊತ್ತು ನಿಂತರು. “ಮೀನಿಗೂ ಲೆಕ್ಕ ಇಟ್ಟಿದ್ದಾರಲ್ಲ ಮಾರಾಯ” ಎಂದರು.

ನಾವು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅಜ್ಜನ ತೋಟ, ಮನೆ, ಭೂತನಕಟ್ಟೆ ಎಲ್ಲವೂ ಶರಾವತಿಯ ಅಡಿಗೆ ಹೋದವು. ಬಿರುಬೇಸಿಗೆಯಲ್ಲಿ ಹಿನ್ನೀರು ಇಳಿದರೆ 1948ರ ಮಡೆನೂರು ಅಣೆಕಟ್ಟೆ ಮೇಲೆದ್ದು ನಿಲ್ಲುತ್ತದೆ. ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ. ಅಜ್ಜನ ಮನೆ ಏಳುವುದಿಲ್ಲ. ಬದಲಿಗೆ ಸಿಕ್ಕ ಜಮೀನಿನ ಹಕ್ಕುಪತ್ರಕ್ಕಾಗಿ ಅಜ್ಜ ಕಚೇರಿ ಅಲೆದರು, ಈಗ ಅಪ್ಪಯ್ಯ ಅದೇ ಕಡತದ ನಕಲು ಹಿಡಿದು ಅಲೆಯುತ್ತಿದ್ದಾರೆ. ಶಾಲೆಯಲ್ಲಿ ನಮಗೆ ಕಲಿಸಿದ್ದು ಮಾತ್ರ 1902ರ ಶಿವನಸಮುದ್ರ, ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತೊಂಬತ್ತಕ್ಕೂ ಹೆಚ್ಚು ಮೈಲಿ ಎಳೆದ ತಂತಿ, 1905ರಲ್ಲಿ ಬೆಂಗಳೂರಿಗೆ ಬಂದ ಬೆಳಕು. ಹೆಮ್ಮೆಪಟ್ಟು ಬಾಯಿಪಾಠ ಮಾಡಿದ್ದೇನೆ. ಕತ್ತಲೆಗೆ ಹೋದವರ ಪಾಠ ಯಾವ ತರಗತಿಯಲ್ಲೂ ಬರಲಿಲ್ಲ.

ಇಷ್ಟು ಬೈದ ಮೇಲೆ ಇದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಇದೇ ಕೊಲಂಬಿಯಾದ ಮೇಲ್ಗಡೆ, 1957ರಲ್ಲಿ ದಿ ಡ್ಯಾಲ್ಸ್ ಅಣೆಕಟ್ಟೆ ಸೆಲೈಲೋ ಜಲಪಾತವನ್ನು ಕೆಲವೇ ಗಂಟೆಗಳಲ್ಲಿ ನುಂಗಿತು. ಮೂಲನಿವಾಸಿಗಳು ಸಾವಿರಾರು ವರ್ಷ ಮೀನು ಹಿಡಿದ ಜಾಗ ಅದು. ಗ್ರ್ಯಾಂಡ್ ಕೂಲಿ ಅಣೆಕಟ್ಟೆಯಲ್ಲಿ ಮೀನಿಗೆ ಮೆಟ್ಟಿಲನ್ನೇ ಇಡಲಿಲ್ಲ. ಬಾನ್‌ವಿಲ್‌ನ ಹಿನ್ನೀರಿನಲ್ಲೂ ಮೂಲನಿವಾಸಿಗಳ ಹಳ್ಳಿಗಳಿವೆ. ಇಲ್ಲಿಯೂ ಮುಳುಗಡೆಯವರಿದ್ದಾರೆ, ಗಾಜಿನ ಕಿಟಕಿ ಅವರ ಕಡೆಗಿಲ್ಲ. ಇನ್ನು ನಾನು ರಾತ್ರಿಯಿಡೀ ಓದಿ ಇಲ್ಲಿಗೆ ಬಂದದ್ದು ಶರಾವತಿಯ ದೀಪದ ಕೆಳಗೇ. ಶರಾವತಿ ಹಿನ್ನೀರಿನಾಚೆಯ ಸಿಗಂದೂರಿಗೂ 2025ರಲ್ಲಿ ಸೇತುವೆಯಾಯಿತು, ಅರುವತ್ತೊಂದು ವರ್ಷ ತಡವಾಗಿ.

ಅಪ್ಪಯ್ಯ ಊರಿಗೆ ಮರಳಿದ್ದಾರೆ. ಭಾನುವಾರ ಫೋನ್ ಮಾಡಿದರೆ ಮಳೆ, ಅಡಿಕೆ ಕೊಳೆ, ಕಡತ ಎಲ್ಲ ಮುಗಿದ ಮೇಲೆ ಕೇಳುತ್ತಾರೆ: “ನಿನ್ನೆ ಎಷ್ಟು ಹತ್ತಿದವು?” ನೋಡಿ ಹೇಳುತ್ತೇನೆ.