ಇಲ್ಲದ ಇಲಿಯ ಬಿಲ್ಲು

ಇಲ್ಲದ ಒಂದು ಇಲಿಗಾಗಿ ನಾನು ಕಳೆದ ವಾರ 2350 ರೂಪಾಯಿ ತೆತ್ತಿದ್ದೇನೆ. ಬಿಲ್ಲು ಇನ್ನೂ ಅಂಗಿಯ ಜೇಬಿನಲ್ಲೇ ಇದೆ. ಮಳೆಗೆ ನೆನೆದು ಅಕ್ಷರವೆಲ್ಲ ಕಲಸಿಹೋಗಿದ್ದರೂ ‘ಇಲಿ ಹುಡುಕಿದ್ದು’ ಎಂಬ ಸಾಲು ಮಾತ್ರ ಶಿಲಾಶಾಸನದ ಹಾಗೆ ನಿಂತಿದೆ.

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜಡಿಮಳೆಯಲ್ಲಿ, ಕೊಡಗಿನವರಿಗೆ ವಾಸನೆಯ ಬಗ್ಗೆ ದೂರು ಹೇಳುವ ಹಕ್ಕಿಲ್ಲ, ಗೊತ್ತು. ಜೂನ್‌ನಲ್ಲಿ ಒಗೆದ ಬನಿಯನ್ ಆಗಸ್ಟ್‌ವರೆಗೂ ಒಣಗುತ್ತಲೇ ಇರುತ್ತದೆ. ಮಕ್ಕಳ ಯೂನಿಫಾರ್ಮ್ ಒಲೆಯ ಮೇಲಿನ ಹಗ್ಗದಿಂದ ನೇರವಾಗಿ ಶಾಲೆಗೆ ಬರುತ್ತದೆ. ಮೊದಲ ಪೀರಿಯಡ್‌ನಲ್ಲಿ ಹಾಜರಿ ಕರೆಯುವಾಗ ಯಾರ ಮನೆಯಲ್ಲಿ ಹಸಿ ಸೌದೆ ಉರಿಯುತ್ತಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಒದ್ದೆ ಕೊಡೆ, ಒದ್ದೆ ಸಾಕ್ಸು, ಬೂಷ್ಟು ಹಿಡಿದ ಬೆಲ್ಟು. ಈ ಮೇಳದಲ್ಲಿ ಕಾರೊಂದು ನಾರಿದರೆ ಏನು ಮಹಾ ಅಂತ ನಾನೂ ನಾಲ್ಕು ದಿನ ಸುಮ್ಮನಿದ್ದೆ.

ಐದನೇ ದಿನಕ್ಕೆ ಅದು ವಾಸನೆಯಾಗಿ ಉಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ಕೂತು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಾರೆ ಅನ್ನಿಸತೊಡಗಿತು.

ನಾನು ಮಡಿಕೇರಿಯಿಂದ ವಿರಾಜಪೇಟೆ ಕಡೆಯ ಶಾಲೆಗೆ ದಿನವೂ ಕಾರಿನಲ್ಲಿ ಹೋಗುವವನು. ಜೊತೆಗೆ ಇಬ್ಬರು ಬರುತ್ತಾರೆ, ಪೆಟ್ರೋಲಿಗೆ ಪಾಲು ಕೊಡುತ್ತಾರೆ. ವಿಜಯಪುರ ಕಡೆಯಿಂದ ಈ ವರ್ಷವಷ್ಟೇ ವರ್ಗವಾಗಿ ಬಂದ ಹಿಂದಿ ಮೇಷ್ಟ್ರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ, “ಏನ್ ನಾರಾಕತ್ತೈತ್ರೀ ಸರ ಇದು? ನಿಮ್ಮ ಆ ಮದ್ದಿನ ಸೊಪ್ಪಿಂದೇನ್ರೀ?” ಎಂದರು. ಪಾಪ, ಆಗಸ್ಟ್ 3ರಂದು ಯಾರದೋ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಉಂಡು, ಮರುದಿನ ಬೆಳಗ್ಗೆ ಬಚ್ಚಲಲ್ಲಿ ಕೆಂಪು ಬಣ್ಣ ಕಂಡು, ಆ ಸೊಪ್ಪು ತಿಂದರೆ ಮೂತ್ರ ಕೆಂಪಾಗುತ್ತದೆಂದು ತಿಳಿಯದೆ, ಆಸ್ಪತ್ರೆಗೆ ಹೊರಟಿದ್ದ ಮನುಷ್ಯ. ಅಂದಿನಿಂದ ಕೊಡಗಿನಲ್ಲಿ ಏನೇ ಕೆಟ್ಟರೂ ಆ ಸೊಪ್ಪೇ ಕಾರಣ ಅವರಿಗೆ. ಪಿ.ಟಿ. ಮಾಸ್ಟರು ಏನೂ ಹೇಳಲಿಲ್ಲ. ಮಾರನೇ ದಿನದಿಂದ ಬಸ್ಸಿನಲ್ಲಿ ಬರತೊಡಗಿದರು. ಬಸ್ಸಿನಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಆ ಮಳೆಯಲ್ಲಿ, ಟರ್ಪಾಲು ಇಳಿಬಿಟ್ಟ ಬಸ್ಸಿನಲ್ಲಿ!

ಅದೇ ಹೊತ್ತಿಗೆ ನನ್ನ ಹೆಂಡತಿಯ ಅಕ್ಕ ನಮ್ಮ ಮನೆಗೆ ಫೋನ್ ಮಾಡುವುದನ್ನೂ ನಿಲ್ಲಿಸಿದ್ದರು. ಅಕ್ಕ ತಂಗಿಯರ ವಿಷಯ, ನಾನು ತಲೆಹಾಕಲಿಲ್ಲ.

ಇನ್ನು ಮೆಕ್ಯಾನಿಕ್ಕಿನ ಸಂಗತಿ. ಹೆಸರು ಬೇಡ; ನಾಳೆಯೂ ಅವರ ಬಾಗಿಲಿಗೇ ಹೋಗಬೇಕು. ಹದಿನೈದು ವರ್ಷದಿಂದ ನೋಡುತ್ತಿದ್ದೇನೆ, ಅವರು ಕಾರನ್ನು ನೋಡುವುದಿಲ್ಲ, ಮೂಸುತ್ತಾರೆ. ಬಾನೆಟ್ ಎತ್ತಿದ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹೆಣ್ಣು ನೋಡಲು ಹೋದ ಮನೆಯಲ್ಲಿ ಅಡುಗೆಮನೆಯ ಕಡೆ ಬಗ್ಗಿ ನೋಡುವ ದೊಡ್ಡಪ್ಪನ ಹಾಗೆ ಎಂಜಿನ್ ಮೇಲೆ ಬಾಗುತ್ತಾರೆ. ಬಲ ಹೊಳ್ಳೆಯಿಂದ ಒಮ್ಮೆ, ಎಡ ಹೊಳ್ಳೆಯಿಂದ ಒಮ್ಮೆ. ಆಮೇಲೆ ಆಯಿಲ್ ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ತಿಕ್ಕಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚುತ್ತಾರೆ. ಆಗ ವರ್ಕ್‌ಶಾಪಿನಲ್ಲಿ ಯಾರೂ ಸುತ್ತಿಗೆ ಬಡಿಯಬಾರದು. ಕಾಫಿಯ ರುಚಿ ಪರೀಕ್ಷೆ ಮಾಡುವವರು ಚಮಚದಿಂದ ಸೊರ್ರನೆ ಹೀರಿ, ಬಾಯಲ್ಲಾಡಿಸಿ, ಉಗಿದು, ಗಂಭೀರವಾಗಿ ಅಂಕ ಬರೆಯುತ್ತಾರಲ್ಲ, ಅದೇ ಠೀವಿ. ನಮ್ಮವರದು ಸ್ವಲ್ಪ ಅದಲುಬದಲು: ಮೊದಲು ಎಲೆಅಡಿಕೆ ಉಗಿಯುತ್ತಾರೆ, ಆಮೇಲೆ ಪರೀಕ್ಷೆ.

“ಸ್ಕ್ಯಾನರ್ ಎಲ್ಲ ಮೊನ್ನೆ ಬಂದದ್ದು ಮೇಷ್ಟ್ರೇ, ಮೂಗು ದೇವರು ಕೊಟ್ಟದ್ದು” ಎನ್ನುತ್ತಾರೆ.

ನಗುವ ಹಾಗಿಲ್ಲ, ಯಾಕೆಂದರೆ ಆ ಮೂಗು ಹಿಂದೆ ಹಲವು ಸಲ ಗೆದ್ದಿದೆ. ಒಮ್ಮೆ ತಲಕಾವೇರಿ ಏರಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಹತ್ತಿ ಬಂದಿದ್ದೆ. ನಾನು ಬಾಯಿ ಬಿಡುವ ಮೊದಲೇ “ಕ್ಲಚ್ ಪ್ಲೇಟು ಹಪ್ಪಳ ಆಗಿದೆ” ಎಂದಿದ್ದರು. ಸಂಪಾಜೆ ಘಾಟಿ ಇಳಿದು ಹತ್ತಿ ಬಂದ ದಿನ ಚಕ್ರ ಮೂಸಿ, “ಇಳಿತದಲ್ಲಿ ಬ್ರೇಕ್ ಮೇಲೇ ಕಾಲು ಇಟ್ಟಿದ್ರಿ. ಸೆಕೆಂಡ್ ಗೇರಲ್ಲಿ ಇಳೀರಿ, ಎಂಜಿನ್ನೇ ಹಿಡಿದುಕೊಳ್ತದೆ” ಎಂದು ಬೈದಿದ್ದರು. ಕಾರಿನೊಳಗೆ ಬೆಲ್ಲದ ಪಾಕದಂಥ ಸಿಹಿ ಘಮ ಬಂದರೆ ಕೂಲೆಂಟ್ ಸೋರುತ್ತಿದೆ; ಕೊಳೆತ ಮೊಟ್ಟೆ ನಾರಿದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ; ಹಳೇ ಬೆಳ್ಳುಳ್ಳಿಯಂತಿದ್ದರೆ ಗೇರ್ ಆಯಿಲ್. ವಿಜ್ಞಾನದ ಮೇಷ್ಟ್ರಾದ ನಾನು ಹೈಡ್ರೋಜನ್ ಸಲ್ಫೈಡ್ ಅಂತ ಬೋರ್ಡಿನ ಮೇಲೆ ಬರೆಯುವುದನ್ನು ಅವರು ಮೂಗಿನಲ್ಲೇ ಓದುತ್ತಾರೆ.

ಆದರೆ ಆ ಮೂಗಿಗೆ ನಶ್ಯದ ಚಟ ಇದೆ. ಪ್ರತಿ ಪರೀಕ್ಷೆಗೂ ಮೊದಲು, “ಹೊಳ್ಳೆ ಕ್ಲೀನ್ ಆಗಲಿ” ಅಂತ ಡಬ್ಬಿ ತೆರೆದು ಎರಡು ಚಿಟಿಕೆ ಏರಿಸುತ್ತಾರೆ. ಸಾಲದ್ದಕ್ಕೆ ಜೂನ್‌ನಿಂದ ನೆಗಡಿ. ಹೊಗೆ ತುಂಬಿದ ಅಡುಗೆಮನೆಯಲ್ಲಿ ನಿಂತು ಊದುಬತ್ತಿ ಯಾವ ಪರಿಮಳದ್ದು ಅಂತ ಹೇಳಿದ ಹಾಗೆ ಅದು. ಇದೆಲ್ಲ ನನಗೆ ಬಿಲ್ಲು ಕೈಗೆ ಬಂದ ಮೇಲೆ ಹೊಳೆಯಿತು.

ಆ ದಿನ ಅವರು ಕಾರಿನ ನಾಲ್ಕೂ ಬಾಗಿಲು ತೆರೆಸಿ, ಒಳಗೆ ತಲೆ ತೂರಿಸಿ, ಎ.ಸಿ. ಕಿಂಡಿಗೆ ಮೂಗಿಟ್ಟು, ಒಂದು ಭರ್ಜರಿ ಸೀನು ಸೀನಿ ಹೊರಬಂದರು.

“ಇಲಿ.”

“ಖಾತ್ರಿಯಾ ಅಣ್ಣಾ?”

“ಮಳೆಗಾಲ ಅಲ್ವಾ ಮೇಷ್ಟ್ರೇ, ಬಿಸಿ ಹುಡುಕಿಕೊಂಡು ಎಂಜಿನ್‌ಗೆ ಬರ್ತವೆ. ವಯರ್ ತಿಂತವೆ. ಅಲ್ಲಿಂದ ಬ್ಲೋವರ್ ಒಳಗೆ ಹೋಗಿ ಸಾಯ್ತವೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕು.”

ಬಿಚ್ಚಿದರು. ಅರ್ಧ ದಿನ ಹಿಡಿಯಿತು. ಸಿಕ್ಕಿದ್ದು: ಎರಡು ರೂಪಾಯಿ ನಾಣ್ಯ ಮೂರು, ಮಗನ ಆಟದ ಜೀಪಿನ ಒಂದು ಚಕ್ರ, 2018ರ ಚುನಾವಣಾ ಡ್ಯೂಟಿಯ ಚೀಟಿ, ಒಣಗಿ ಕಲ್ಲಾದ ಕಿತ್ತಳೆ ಸಿಪ್ಪೆ. ಇಲಿ ಇಲ್ಲ.

“ಇಲಿ ಹೋಗಿದೆ” ಎಂದರು, ಒಂದಿಷ್ಟೂ ಅಳುಕದೆ.

“ಸತ್ತ ಇಲಿ ಹೇಗೆ ಹೋಗ್ತದೆ ಮಾರಾಯ್ರೇ?”

“ಸಾಯುವ ಮೊದಲೇ ಹೋಗಿರ್ತದೆ.”

ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಈ ಮಾತಿಗೆ ಉತ್ತರ ತೋಚಲಿಲ್ಲ. ಡ್ಯಾಶ್‌ಬೋರ್ಡ್ ಮತ್ತೆ ಕೂರಿಸಿದರು. ಮೂರು ಸ್ಕ್ರೂ ಉಳಿದವು, ಅವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ, ಪ್ರಸಾದದ ಹಾಗೆ ಎರಡೂ ಕೈಯಲ್ಲಿ ನನಗೇ ಕೊಟ್ಟರು. ಒಳಗೆಲ್ಲ ಮಲ್ಲಿಗೆ ಪರಿಮಳದ ಸ್ಪ್ರೇ ಹೊಡೆದರು. ಅಲ್ಲಿಂದ ಮುಂದೆ ನನ್ನ ಕಾರು ಮಲ್ಲಿಗೆ ಮುಡಿದ ಹೆಣದ ಹಾಗೆ ನಾರತೊಡಗಿತು. ಗ್ಲೋವ್ ಬಾಕ್ಸು ರಸ್ತೆಯ ಪ್ರತಿ ಉಬ್ಬಿಗೂ ಬಾಯಿ ತೆರೆದು ನನ್ನನ್ನೇ ಅಣಕಿಸುತ್ತದೆ. ಇದಕ್ಕೆ 2350.

ಈ ಸೋಮವಾರ ಮೂರ್ನಾಡು ದಾಟುತ್ತಿದ್ದಂತೆ ಸ್ಟೇರಿಂಗ್ ಎಡಕ್ಕೆ ಎಳೆಯಿತು. ಪಂಚರ್. ಜಡಿಮಳೆ, ಕಣ್ಣಳತೆಯಲ್ಲೇ ಪಂಚರ್ ಅಂಗಡಿಯೊಂದರ ಹಳೇ ಟೈರು ತೂಗುತ್ತಿತ್ತು. ಇಳಿದು ಚಕ್ರ ಬದಲಿಸುವ ಬದಲು ಕುಂಟಿಸಿಕೊಂಡೇ ಅಲ್ಲಿಗೆ ಓಡಿಸಿದೆ. ಅಂಗಡಿಯಾತ ಟೈರ್ ನೋಡಿ, ವಿದ್ಯಾರ್ಥಿಯ ಉತ್ತರಪತ್ರಿಕೆ ನೋಡುವ ನನ್ನ ಮುಖವನ್ನೇ ಮಾಡಿದರು. “ಗಾಳಿ ಇಲ್ಲದೆ ಓಡಿಸಿದ್ರಾ? ಸೈಡೆಲ್ಲ ತಿಂದುಹೋಗಿದೆ. ಮೊಳೆ ಚುಚ್ಚಿದ್ದಕ್ಕೆ ನಾನು ರಬ್ಬರಿನ ಹುಳ ತುರುಕಿ ಕೊಡ್ತಿದ್ದೆ. ಸೈಡ್ ಹರಿದ್ರೆ ಪ್ಯಾಚ್ ನಿಲ್ಲೋದಿಲ್ಲ. ಕೂತ್ಕೊಳ್ಳಿ, ಹುಡುಗ ಬರಲಿ.”

ಕೂತೆ. ಪಂಚರ್ ಅಂಗಡಿಯ ಬೆಂಚಿನ ಮೇಲೆ ಕೂತರೆ ನನಗೆ ಅಪ್ಪನ ನೆನಪು. ಅವರ ಜೀಪಿಗೆ ತಿಂಗಳಿಗೊಮ್ಮೆಯಾದರೂ ಪಂಚರ್. ತೋಟದ ದಾರಿ, ಕಡಿದ ಕಾಫಿ ಗಿಡದ ಬುಡ, ಮುಳ್ಳು, ಏನಾದರೂ ಒಂದು. ಆಗ ಟ್ಯೂಬು. ಎರಡು ಲಿವರ್ ಹಾಕಿ ಟೈರ್ ಎಬ್ಬಿಸಿ, ಟ್ಯೂಬಿಗೆ ಗಾಳಿ ತುಂಬಿ, ಅರ್ಧ ಡ್ರಮ್ಮಿನ ಕಪ್ಪು ನೀರಿನಲ್ಲಿ ಮುಳುಗಿಸಿದರೆ ಗುಳುಗುಳು ಗುಳ್ಳೆ. ಗುಳ್ಳೆ ಎಲ್ಲಿ ಬಂತು ಅಂತ ಮೊದಲು ಹೇಳಿದವನಿಗೆ ಅಪ್ಪ ಬನ್ನು ಕೊಡಿಸುತ್ತಿದ್ದರು, ಸ್ಪರ್ಧೆಯಲ್ಲಿ ನಾನೊಬ್ಬನೇ. ತೂತಿನ ಸುತ್ತ ಉಜ್ಜಿ, ಹಸಿ ರಬ್ಬರಿನ ತುಂಡು ಇಟ್ಟು, ಇಕ್ಕಳದಲ್ಲಿ ಬಿಗಿದು, ಮೇಲಿನ ಬಟ್ಟಲಿಗೆ ಎಣ್ಣೆ ಸುರಿದು ಬೆಂಕಿ ಹಚ್ಚುತ್ತಿದ್ದರು. ಆ ಸುಟ್ಟ ರಬ್ಬರಿನ ವಾಸನೆ, ಅಪ್ಪನ ಒದ್ದೆ ಉಣ್ಣೆ ಕೋಟಿನ ವಾಸನೆ, ಬನ್ನಿನ ವಾಸನೆ ಮೂರೂ ಸೇರಿ ನನ್ನ ತಲೆಯಲ್ಲಿ ಒಂದೇ ಆಗಿಬಿಟ್ಟಿವೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗುತ್ತದೆ ಎಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ, ಇದನ್ನು ಪ್ರತಿ ವರ್ಷ ಪಾಠ ಮಾಡುತ್ತೇನೆ. ‘ಗಂಧಕ’ ಎನ್ನುವಾಗ ಪ್ರತಿ ವರ್ಷವೂ ನನಗೆ ಬನ್ನು ತಿನ್ನಬೇಕು ಅನ್ನಿಸುತ್ತದೆ. ಈಗ ಟ್ಯೂಬ್‌ಲೆಸ್, ಐದು ನಿಮಿಷದ ಕೆಲಸ. ಬನ್ನು ತಿನ್ನುವಷ್ಟು ಹೊತ್ತು ಎಲ್ಲಿದೆ?

“ಸರ್, ಸ್ಟೆಪ್ನಿ ತೆಗೀತೇನೆ” ಎಂದ ಹುಡುಗ.

ಸ್ಟೆಪ್ನಿ. ವೇಲ್ಸ್ ದೇಶದ ಲಾನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಬದಲಿ ಚಕ್ರ ತಯಾರಿಸಿ ಮಾರಲು ಹೊರಟರು. ಅಂಗಡಿ ಹೋಯಿತು, ಬೀದಿಯ ಹೆಸರು ನಮ್ಮ ಡಿಕ್ಕಿಯಲ್ಲಿ ಉಳಿಯಿತು. ಇದನ್ನು ಹುಡುಗನಿಗೆ ವಿವರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಡಿಕ್ಕಿಯ ಕಾರ್ಪೆಟ್ ಎತ್ತಿದ.

ಎತ್ತಿದವನು ಕೈಬಿಟ್ಟ. ಹಿಂದೆ ಸರಿದ. ಅಂಗಡಿಯಾತ, ಮೂವತ್ತು ವರ್ಷದಿಂದ ಗ್ರೀಸು, ಡೀಸೆಲ್ಲು, ಲಾರಿ ಟೈರಿಗೆ ಅಂಟಿಕೊಂಡು ಬರುವ ಹೇಳಬಾರದ ವಸ್ತುಗಳನ್ನೆಲ್ಲ ಬರಿಗೈಯಲ್ಲಿ ಕೆರೆದು ತೆಗೆದ ಮನುಷ್ಯ, ಹತ್ತಿರ ಬಂದು ಒಂದು ಉಸಿರು ಎಳೆದುಕೊಂಡರು. “ಒಂದು ಚಾ ಕುಡಿದು ಬರ್ತೇನೆ ಸರ್” ಎಂದು ಮಳೆಯಲ್ಲಿ ಕೊಡೆಯಿಲ್ಲದೆ ನಡೆದೇಬಿಟ್ಟರು. ಬೀದಿನಾಯಿಯೊಂದು ಆಸೆಯಿಂದ ಓಡಿಬಂತು, ಮೂಸಿತು, ನನ್ನ ಮುಖ ನೋಡಿತು, ಹೋಯಿತು.

ಸ್ಟೆಪ್ನಿಯ ಬೋಗುಣಿಯಲ್ಲಿ ಒಂದು ಪ್ಲಾಸ್ಟಿಕ್ ಕಟ್ಟು ಬಲೂನಿನ ಹಾಗೆ ಉಬ್ಬಿ, ಒಂದು ಕಡೆ ಒಡೆದು, ಕೆಳಗಿನ ಗುಂಡಿಯಲ್ಲಿ ಹಳದಿ ನೀರು ಕೆರೆ ಕಟ್ಟಿತ್ತು. ಹುಡುಗ ಉಸಿರು ಬಿಗಿಹಿಡಿದು ಸ್ಟೆಪ್ನಿ ಎತ್ತಿ, ತಳದ ರಬ್ಬರ್ ಬಿರಡೆ ಎಳೆದ. ಕೆರೆಯೆಲ್ಲ ಅವನ ಚಪ್ಪಲಿಯ ಮೇಲೆ ಇಳಿಯಿತು.

ರಸ್ತೆಯಾಚೆ ಬಸ್ ತಂಗುದಾಣದಲ್ಲಿ ಆರೇಳು ಮಂದಿ ನಿಂತಿದ್ದರು. ಎಲ್ಲರೂ ಮೂಗು ಮುಚ್ಚಿದರು. ಅಜ್ಜಿಯೊಬ್ಬರು ಮಾತ್ರ ಮುಚ್ಚಲಿಲ್ಲ. ಕೂತಲ್ಲಿಂದಲೇ, ಆ ಮಳೆಯ ನಡುವೆ, ಕೂಗಿ ಕೇಳಿದರು:

“ಬೈಂಬಳೆ ಅಲ್ವಾ ಮಗಾ? ಎಷ್ಟು ದಿನ ಆಯ್ತು?”

ಬೈಂಬಳೆ! ಎಳೇ ಬಿದಿರಿನ ಕಣಿಲೆ! ಕಕ್ಕಡದ ಮೊದಲ ಭಾನುವಾರ ಭಾಗಮಂಡಲಕ್ಕೆ ಅತ್ತೆಯ ಮನೆಗೆ ಹೋಗಿದ್ದೆವು. ಸಂಗಮದಲ್ಲಿ ನೀರು ಏರುತ್ತಿದೆ ಅಂತ ಗಡಿಬಿಡಿಯಲ್ಲಿ ಹೊರಡುವಾಗ, ಹೆಂಡತಿ ಇನ್ನೂ ಒಳಗಿದ್ದಾಗ, ಅತ್ತೆ ಎರಡು ಕಟ್ಟು ತಂದು ನನ್ನ ಕೈಗಿಟ್ಟಿದ್ದರು. ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿದ್ದು. ವಿಷ ಬಿಡಬೇಕಲ್ಲ, ಮೂರು ದಿನ ನೀರು ಬದಲಿಸಬೇಕು. ತಿರುವಿನಲ್ಲಿ ಉರುಳಬಾರದೆಂದು ನಾನೇ, ಈ ಬುದ್ಧಿವಂತನೇ, ಕಾರ್ಪೆಟ್ ಎತ್ತಿ ಎರಡನ್ನೂ ಸ್ಟೆಪ್ನಿಯ ಗುಳಿಯಲ್ಲಿ ಕೂರಿಸಿದ್ದೆ. ರಾತ್ರಿ ಮನೆಗೆ ಬಂದು ಕತ್ತಲಲ್ಲಿ ಕೈಗೆ ಸಿಕ್ಕಿದ ಒಂದನ್ನು ಎತ್ತಿಕೊಂಡೆ. ಅದರ ಪಲ್ಯ ಅಕ್ಕಿರೊಟ್ಟಿಯ ಜೊತೆ ಬಹಳ ಚೆನ್ನಾಗಿತ್ತು.

“ಉಪ್ಪು ಹಾಕಿಟ್ಟಿದ್ರೆ ವರ್ಷ ಇರ್ತಿತ್ತಲ್ಲ ಮಗಾ” ಎಂದು ಅಜ್ಜಿ ಬಸ್ಸು ಹತ್ತಿದರು.

ಸ್ಟೆಪ್ನಿಯಲ್ಲಿ ಗಾಳಿಯೂ ಇರಲಿಲ್ಲ, ಅದು ಬೇರೆ ಮಾತು. ಗಾಳಿಗೆ, ಚಕ್ರ ಬದಲಿಸಿದ್ದಕ್ಕೆ, ತೊಳೆದದ್ದಕ್ಕೆ ಸೇರಿಸಿ 300 ಕೊಟ್ಟೆ. ಹುಡುಗನ ಚಪ್ಪಲಿಗೆ ಬೇರೆ ಕೊಟ್ಟೆ. ಹಾಗೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ಇಲಿಯಲ್ಲ, ಬಿದಿರು ಎಂದೆ. ಅತ್ತ ಒಂದು ಸೀನು. ಆಮೇಲೆ: “ಒಳಗೆ ಸತ್ತದ್ದು ಏನೋ ಇದೆ ಅಂತ ನಾನು ಹೇಳಿದ್ದಲ್ವಾ ಮೇಷ್ಟ್ರೇ? ಕಡಿದ ಮೇಲೆ ಬಿದಿರೂ ಸತ್ತದ್ದೇ.”

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಹೆಂಡತಿ ನಗುತ್ತಾಳೆ ಅಂದುಕೊಂಡು. ಅವಳು ನಗಲಿಲ್ಲ.

“ಎರಡು ಕಟ್ಟು ಇತ್ತಾ?”

“ಹೂಂ.”

“ಕೊಡುವಾಗ ಅಮ್ಮ ಏನಾದ್ರೂ ಹೇಳಿದ್ರಾ?”

ಆಗ ನೆನಪಾಯಿತು. ಮಳೆಯ ಸದ್ದಿನಲ್ಲಿ ಅತ್ತೆ ಏನೋ ಹೇಳಿದ್ದರು. ಒಂದು ನಿಮಗೆ, ಒಂದು ಅಕ್ಕನ ಮನೆಗೆ.

ಹೆಂಡತಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ ಮೂರು ವಾರದಿಂದ ಮುಟ್ಟದ ನಂಬರನ್ನು ಒತ್ತಿ, ಆ ಕಡೆಯಿಂದ “ಹಲೋ” ಬರುವವರೆಗೆ ಕಾದು, “ಅಕ್ಕಾ, ಇವರು ನಿನ್ನ ಹತ್ತಿರ ಏನೋ ಮಾತಾಡಬೇಕಂತೆ” ಎಂದು ಫೋನನ್ನು ನನ್ನ ಕಿವಿಗೆ ಒತ್ತಿದಳು.