ಕಾರ್ಡ್ ಕೊಟ್ಟವರು ಉಳಿದ ಮಾತನ್ನೂ ಹೇಳಬೇಕು

ಇಂದು ಬೆಳಿಗ್ಗೆ ಖಾಸಗಿ ಆಸ್ಪತ್ರೆಯೊಂದರ ಕೌಂಟರಿನ ಮುಂದೆ ಕಂಡದ್ದರಿಂದ ಬಂದ ಸಿಟ್ಟು ಸಂಜೆಯಾದರೂ ಇಳಿದಿಲ್ಲ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಪತ್ನಿಯನ್ನು ಕುರ್ಚಿಯಲ್ಲಿ ಕೂರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ ಆಯುಷ್ಮಾನ್ ಕಾರ್ಡನ್ನು ಹೊರತೆಗೆದು ಕೊಟ್ಟರು. ವೈದ್ಯರು ಬರೆದುಕೊಟ್ಟಿದ್ದು ಒಂದು ಸ್ಕ್ಯಾನಿಂಗ್, ರಕ್ತಪರೀಕ್ಷೆ ಮತ್ತು ತಿಂಗಳ ಮಾತ್ರೆ. ಕೌಂಟರಿನ ಹುಡುಗಿ ಕಾರ್ಡನ್ನು ಹಿಂದಕ್ಕೆ ಸರಿಸಿ, "ಇದಕ್ಕೆಲ್ಲ ಕಾರ್ಡ್ ನಡೆಯಲ್ಲ ಅಜ್ಜ, ದುಡ್ಡು ಕಟ್ಟಬೇಕು" ಎಂದಳು. "ಐದು ಲಕ್ಷದವರೆಗೆ ಫ್ರೀ ಅಂದಿದ್ರಲ್ಲಮ್ಮ" ಎಂದು ಅವರು ಕೇಳಿದರು. ಅಷ್ಟರಲ್ಲಿ ಆಕೆ ಮುಂದಿನವರನ್ನು ಕರೆದಾಗಿತ್ತು.

ಆ ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಮೀಸಲು. ಹೊರರೋಗಿ ವಿಭಾಗದ ತಪಾಸಣೆ, ಬಿಡಿ ಪರೀಕ್ಷೆಗಳು, ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಪ್ರತಿ ತಿಂಗಳು ನುಂಗುವ ಮಾತ್ರೆಗಳು ಅದರೊಳಗೆ ಬರುವುದಿಲ್ಲ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಶಿಬಿರ ಹಾಕಿ, ಬೆರಳಚ್ಚು ಒತ್ತಿಸಿಕೊಂಡು, ಫೋಟೊ ತೆಗೆಸಿಕೊಂಡು ಕಾರ್ಡ್ ಹಂಚಿದವರಿದ್ದಾರಲ್ಲ, ಐದು ಲಕ್ಷ ಎಂಬ ಮೊದಲ ವಾಕ್ಯವನ್ನು ಮೈಕಿನಲ್ಲಿ ಹೇಳಿ ಎರಡನೆಯ ವಾಕ್ಯವನ್ನು ಹೇಳದೆ ಹೊರಟುಹೋದವರು, ನನ್ನ ಸಿಟ್ಟು ಅವರ ಮೇಲೆ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಬಡಾವಣೆಯ ಹಿರಿಯರ ಕಾಗದಪತ್ರಗಳನ್ನು ನೋಡಿಕೊಡುತ್ತಿರುವುದು ನಿಮಗೆಲ್ಲ ತಿಳಿದೇ ಇದೆ. ಆ ಅನುಭವದಿಂದಲೇ ಹೇಳುತ್ತೇನೆ, ಯೋಜನೆ ಒಳ್ಳೆಯದೇ. 2018ರಲ್ಲಿ ಆರಂಭವಾದಾಗ ಅದು ಬಡ ಕುಟುಂಬಗಳಿಗೆ ಸೀಮಿತವಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟವು 70 ವರ್ಷ ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಅದನ್ನು ವಿಸ್ತರಿಸಲು ಒಪ್ಪಿತು. ಅಕ್ಟೋಬರ್ 29ರಂದು ಈ ಹಿರಿಯರಿಗೆಂದೇ ವಯ ವಂದನಾ ಕಾರ್ಡ್ ಬಂದಿತು. ಮೊದಲೇ ಯೋಜನೆಯಲ್ಲಿದ್ದ ಕುಟುಂಬದ ಹಿರಿಯರಿಗೆ ವರ್ಷಕ್ಕೆ ಇನ್ನೂ 5 ಲಕ್ಷ ರೂಪಾಯಿ ಪ್ರತ್ಯೇಕವಾಗಿ ದೊರೆಯುತ್ತದೆ, ಅದನ್ನು ಮನೆಯ ಕಿರಿಯರ ಜೊತೆ ಹಂಚಿಕೊಳ್ಳಬೇಕಿಲ್ಲ. ಯೋಜನೆಯ ಹೊರಗಿದ್ದ ಕುಟುಂಬದಲ್ಲಿ ಗಂಡ ಹೆಂಡತಿ ಇಬ್ಬರೂ 70 ದಾಟಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿದ್ದು. ತಲೆಗೆ ಐದೈದು ಲಕ್ಷ ಎಂದು ನಂಬಿ ಕುಳಿತ ದಂಪತಿಗಳನ್ನು ನಾನು ನೋಡಿದ್ದೇನೆ. ಅವರಿಗೂ ಯಾರೂ ಹೇಳಿರಲಿಲ್ಲ.

ಹಳೆಯ ಕಾಯಿಲೆಗಳಿಗೆ ಮೊದಲ ದಿನದಿಂದಲೇ ರಕ್ಷಣೆ ಇದೆ, ಕಾಯುವ ಅವಧಿಯಿಲ್ಲ, ಪ್ರೀಮಿಯಂ ಇಲ್ಲ. ದಾಖಲಾಗುವ ಮುನ್ನ 3 ದಿನ ಮತ್ತು ಬಿಡುಗಡೆಯಾದ ಮೇಲೆ 15 ದಿನಗಳ ತಪಾಸಣೆ, ಔಷಧಗಳ ಖರ್ಚೂ ಸೇರುತ್ತದೆ. ಬಿಡುಗಡೆಯ ದಿನ ಮಾತ್ರೆಗಳ ಚೀಟಿ ಹಿಡಿದು ಹೊರಗಿನ ಅಂಗಡಿಯಲ್ಲಿ ಸಾವಿರಾರು ರೂಪಾಯಿ ಸುರಿಯುವ ಎಷ್ಟೋ ಜನರಿಗೆ ಈ ಹದಿನೈದು ದಿನಗಳ ವಿಷಯವೇ ಗೊತ್ತಿಲ್ಲ. ಏನು ಸಿಗುವುದಿಲ್ಲ ಎಂಬುದನ್ನು ಮುಚ್ಚಿಟ್ಟವರು ಏನು ಸಿಗುತ್ತದೆ ಎಂಬುದನ್ನೂ ಪೂರ್ತಿಯಾಗಿ ಹೇಳಿಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಕೇಂದ್ರದ ಯೋಜನೆಯೂ ರಾಜ್ಯದ್ದೂ ಸೇರಿ ಇಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಎಂದಾಗಿದೆ, ಅದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕಾದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತದ, ಶೇ. 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು, ಮತ್ತು ಹೋಗುವ ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿತವಾಗಿರಬೇಕು. ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ಮುಂಗಡ ಕಟ್ಟಿ, ಆಮೇಲೆ ಕಾರ್ಡ್ ತೋರಿಸಿದರೆ ಏನೂ ನಡೆಯದಿರುವುದು ಇದೇ ಕಾರಣಕ್ಕೆ.

70 ದಾಟಿದವರ ಯೋಜನೆಯ ಘೋಷಣೆ ದೆಹಲಿಯಲ್ಲಿ ಆಗುತ್ತದೆ, ಜಾರಿ ಮಾಡುವುದು ರಾಜ್ಯ. ನಮ್ಮಂಥ ರಾಜ್ಯಗಳಲ್ಲಿ ವೆಚ್ಚವನ್ನು ಕೇಂದ್ರ ಶೇ. 60, ರಾಜ್ಯ ಶೇ. 40 ಎಂದು ಹಂಚಿಕೊಳ್ಳಬೇಕು. ಆದ್ದರಿಂದ ಟಿವಿಯಲ್ಲಿ ಕೇಳಿದ್ದೆಲ್ಲ ನಮ್ಮೂರಿನ ಆಸ್ಪತ್ರೆಯಲ್ಲಿ ಹಾಗೆಯೇ ದೊರೆಯುತ್ತದೆ ಎಂದು ಭಾವಿಸಬಾರದು. ಯಾವ ಕಾರ್ಡ್, ಯಾವ ಚಿಕಿತ್ಸೆಗೆ, ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಬೇಕು. ಆರೋಗ್ಯಮಿತ್ರರೆಂಬ ಹುದ್ದೆ ಇರುವುದೇ ಇದಕ್ಕಾಗಿ. ಅವರನ್ನು ಹುಡುಕಬೇಕು ಎಂದು ಕಾರ್ಡ್ ಕೊಡುವಾಗ ಹೇಳಲು ಅರ್ಧ ನಿಮಿಷ ಸಾಕಲ್ಲವೇ?

ಕೇಂದ್ರ ಸರ್ಕಾರದ ನಿವೃತ್ತರಿಗೆ ಮತ್ತು ಮಾಜಿ ಸೈನಿಕರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸಿಜಿಎಚ್‌ಎಸ್ (ಕೇಂದ್ರ ನೌಕರರ ಆರೋಗ್ಯ ಯೋಜನೆ) ಅಥವಾ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಇರುವವರು ಅದನ್ನೋ ಆಯುಷ್ಮಾನನ್ನೋ ಒಂದನ್ನು ಆರಿಸಿಕೊಳ್ಳಬೇಕು, ಎರಡೂ ಇರುವುದಿಲ್ಲ. ಇಎಸ್‌ಐ ಅಥವಾ ಖಾಸಗಿ ವಿಮೆ ಇರುವವರಿಗೆ ಆ ನಿರ್ಬಂಧವಿಲ್ಲ. ಸಿಜಿಎಚ್‌ಎಸ್‌ನಲ್ಲಿ ಹೊರರೋಗಿ ಚಿಕಿತ್ಸೆಯೂ ಔಷಧಗಳೂ ಇವೆ. ಐದು ಲಕ್ಷ ಎಂಬ ಸಂಖ್ಯೆಯನ್ನು ಕೇಳಿ ಅದನ್ನು ಕೈಬಿಡಲು ಹೊರಟ ಹಿರಿಯರೊಬ್ಬರನ್ನು ನಾನು ತಡೆಯಬೇಕಾಯಿತು. ತಡೆಯಲು ಯಾರೂ ಇಲ್ಲದವರ ಗತಿಯೇನು?

"ಇಷ್ಟೆಲ್ಲ ವಿವರ ಹೇಳಿದರೆ ವಯಸ್ಸಾದವರಿಗೆ ಗೊಂದಲವಾಗುತ್ತದೆ, ಎಲ್ಲವೂ ಜಾಲತಾಣದಲ್ಲಿ ಇದೆಯಲ್ಲ" ಎಂದು ಗೆಳೆಯರೊಬ್ಬರು ಹೇಳಿದರು. ಜಾಲತಾಣವನ್ನು ತೆರೆದು ಓದಬಲ್ಲವರಿಗೆ ಶಿಬಿರವೇ ಬೇಕಿರಲಿಲ್ಲ. ನಮ್ಮ ಹಿರಿಯರು ಸಂಘದ ಸಾಲದ ಲೆಕ್ಕ, ಜಮೀನಿನ ಪಹಣಿ, ಮಕ್ಕಳ ಮದುವೆಯ ಖರ್ಚು ಎಲ್ಲವನ್ನೂ ನಿಭಾಯಿಸಿದವರು. "ಆಸ್ಪತ್ರೆಗೆ ಸೇರಿದರೆ ಮಾತ್ರ ಸಿಗುತ್ತದೆ" ಎಂಬ ಒಂದು ವಾಕ್ಯ ಅವರಿಗೆ ಅರ್ಥವಾಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. "ಮಕ್ಕಳು ಖಾಸಗಿ ವಿಮೆ ಮಾಡಿಸಲಿ" ಎನ್ನುವವರೂ ಇದ್ದಾರೆ. 65ರ ನಂತರ ಹೊಸ ಪಾಲಿಸಿ ಕೊಡಲು ಇದ್ದ ಅಡ್ಡಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತೆಗೆದುಹಾಕಿರುವುದು ನಿಜ. ಆದರೆ ಆ ವಯಸ್ಸಿಗೆ ಕೇಳುವ ಪ್ರೀಮಿಯಂ ಎಷ್ಟೋ ಮನೆಗಳಿಗೆ ಎಟುಕುವುದಿಲ್ಲ, ಮತ್ತು ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಎಪ್ಪತ್ತೈದರ ಹೃದ್ರೋಗಿಗೆ ಹೇಳುವ ಮಾತೇ ಅದು?

ಈ ಸಿಟ್ಟಿನ ಅಡಿಯಲ್ಲಿ ಭಯವೂ ಇದೆ ಎಂದು ಇಲ್ಲಿ ಹೇಳಿಕೊಳ್ಳುತ್ತೇನೆ. ನನಗೂ ಎಪ್ಪತ್ತು ದೂರವಿಲ್ಲ, ಜೊತೆಗೆ ನಿಂತು ಕೇಳುವವರು ಯಾರೂ ಇಲ್ಲ. ಕಾಗದ ಓದುವುದನ್ನೇ ಬದುಕಿನುದ್ದಕ್ಕೂ ಮಾಡಿದ ನನಗೇ ಈ ನಿಯಮಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾದರೆ, ಅಕ್ಷರ ಬಾರದ ಒಂಟಿ ಅಜ್ಜಿ ಎಲ್ಲಿಗೆ ಹೋಗಬೇಕು?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಕಾರ್ಡಿನ ಜೊತೆಗೆ ದಪ್ಪ ಅಕ್ಷರದ, ಕನ್ನಡದ ಒಂದು ಹಾಳೆಯನ್ನು ಕೊಡಿ; ಓದಲಾಗದವರಿಗೆ ಅಲ್ಲಿಯೇ ಓದಿ ಹೇಳಿ. ದಾಖಲಾದರೆ ಮಾತ್ರ ಅನ್ವಯ, ಮೊದಲು ಸರ್ಕಾರಿ ಆಸ್ಪತ್ರೆಯ ಪತ್ರ ಬೇಕು, ಆರೋಗ್ಯಮಿತ್ರರನ್ನು ಕಾಣಿ, ತಿಂಗಳ ಬಿಪಿ ಮತ್ತು ಶುಗರ್ ಮಾತ್ರೆಗೆ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್ಕಿಗೆ ಹೋಗಿ, ಸಂಶಯವಿದ್ದರೆ ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ. ಇಷ್ಟಿದ್ದರೆ ಸಾಕು.

ಮನೆಯಲ್ಲಿ ಹಿರಿಯರಿರುವ ಸ್ನೇಹಿತರು ಈ ವಾರವೇ ಅವರ ಆಧಾರ್ ತೆಗೆದು ಹುಟ್ಟಿದ ವರ್ಷವನ್ನು ನೋಡಿ. 70 ತುಂಬಿತೋ ಇಲ್ಲವೋ ಎಂಬುದನ್ನು ಯೋಜನೆ ನೋಡುವುದು ಅದರಿಂದಲೇ, ಮತ್ತು ನಮ್ಮ ಕಡೆ ಎಷ್ಟೋ ಜನರಿಗೆ ಅಂದಾಜಿನ ಮೇಲೆ ಜನವರಿ 1 ಎಂದು ಬರೆಸಿರುತ್ತಾರೆ. ಅಲ್ಲಿ ವಯಸ್ಸು ಕಡಿಮೆ ನಮೂದಾಗಿದ್ದರೆ ತಿದ್ದುಪಡಿಗೆ ದಾಖಲೆ ಹುಡುಕಿ, ಅರ್ಜಿ ಹಾಕಿ, ಕಾಯಬೇಕಾಗುತ್ತದೆ. ಆಂಬುಲೆನ್ಸ್ ಬಂದು ನಿಂತ ದಿನ ಅದಕ್ಕೆ ಸಮಯ ಇರುವುದಿಲ್ಲ.